ವಯಸ್ಸಾಯ್ತಲ್ಲ, ಬಿಡಿ

ಅಪ್ಪನಿಗೆ ಒಂದೆರಡು ತಿಂಗಳಿಂದ ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅಪ್ಪನ ಮುಖ ನೋಡಲೇ ಇಲ್ಲ. "ಇವರು ಸರಿಯಾಗಿ ಊಟ ಮಾಡ್ತಾರಾ? ನಿದ್ದೆ ಬರುತ್ತಾ?" ಅಂತ ನನ್ನನ್ನೇ ಕೇಳಿದರು. ಅಪ್ಪ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು, ಕಿವಿಯೂ ಚೆನ್ನಾಗಿ ಕೇಳಿಸುತ್ತೆ. ಕೊನೆಗೆ ಬಂದ ತೀರ್ಪು: "ವಯಸ್ಸಾಯ್ತಲ್ಲ, ಇವೆಲ್ಲ ಇದ್ದಿದ್ದೇ." ನಾನೂ ತಲೆ ಆಡಿಸಿ ಎದ್ದು ಬಂದೆ. ಆಮೇಲೆ ಇನ್ನೊಬ್ಬ ಡಾಕ್ಟರು ನೋಡಿ, ಎರಡು ಮಾತ್ರೆ ಸೇರಿಕೊಂಡು ಬಿಪಿ ಇಳಿಸುತ್ತಿವೆ ಅಂತ ಹೇಳಿ ಒಂದನ್ನು ನಿಲ್ಲಿಸಿದರು. ತಲೆ ಸುತ್ತು ಹೋಯಿತು. ವಯಸ್ಸು ಮಾತ್ರ ಅಷ್ಟೇ ಇದೆ.

ಅವತ್ತಿನಿಂದ ಈ "ವಯಸ್ಸಾಯ್ತಲ್ಲ" ಅನ್ನೋ ಮಾತು ತಲೆಯಲ್ಲಿ ಕೊರೆಯುತ್ತಿದೆ. ಅದರ ಬಗ್ಗೆ ಓದುತ್ತಾ ಹೋದೆ. ಈ ಒಂದು ಮಾತಿನ ವಿರುದ್ಧವೇ ಜೀವಮಾನವಿಡೀ ಜಗಳ ಆಡಿದವರು ಎಷ್ಟು ಜನ ಇದ್ದಾರೆ ಗೊತ್ತಾ!

ಮಾರ್ಜರಿ ವಾರೆನ್ ಅಂತ ಒಬ್ಬ ಬ್ರಿಟಿಷ್ ಡಾಕ್ಟರ್. 1935ರಲ್ಲಿ ಅವರ ಆಸ್ಪತ್ರೆಗೆ ಪಕ್ಕದ ಬಡವರ ಆಸ್ಪತ್ರೆಯನ್ನೂ ಸೇರಿಸಿದರು. ಅಲ್ಲಿ 700ಕ್ಕೂ ಜಾಸ್ತಿ ರೋಗಿಗಳು, ಬಹಳಷ್ಟು ಜನ ಮುದುಕರು, ಹಾಸಿಗೆಯಲ್ಲೇ ವರ್ಷಗಟ್ಟಲೆ ಬಿದ್ದವರು, ಇವರಿಗೆ ಇನ್ನೇನೂ ಮಾಡೋಕಾಗಲ್ಲ ಅಂತ ಎಲ್ಲರೂ ಕೈ ಬಿಟ್ಟವರು. ವಾರೆನ್ ಮಾಡಿದ ದೊಡ್ಡ ಕೆಲಸ ಏನು ಅಂದರೆ, ಒಬ್ಬೊಬ್ಬರನ್ನೂ ಕೂತು ಪರೀಕ್ಷೆ ಮಾಡಿದ್ದು. ಅಷ್ಟೇ. ಎಷ್ಟೋ ಜನ ಹಾಸಿಗೆ ಹಿಡಿದಿದ್ದು ಕಾಯಿಲೆಗಿಂತ ಹೆಚ್ಚಾಗಿ ಯಾರೂ ಎಬ್ಬಿಸದೇ ಇದ್ದಿದ್ದಕ್ಕೆ ಅಂತ ಗೊತ್ತಾಯಿತು. ವ್ಯಾಯಾಮ ಮಾಡಿಸಿದರು, ನಡೆಸಿದರು, ಹಲವರನ್ನು ಮನೆಗೇ ಕಳಿಸಿದರು. ಹಿರಿಯರ ವೈದ್ಯಕೀಯಕ್ಕೆ ಬ್ರಿಟನ್ನಿನಲ್ಲಿ ಅಡಿಪಾಯ ಹಾಕಿದವರು ಅಂತ ಇವತ್ತು ಅವರನ್ನು ನೆನೆಯುತ್ತಾರೆ.

ಈ ಧೋರಣೆಗೆ ಒಂದು ಹೆಸರು ಸಿಕ್ಕಿದ್ದು 1969ರಲ್ಲಿ. ಅಮೆರಿಕದ ಒಂದು ಬಡಾವಣೆಯಲ್ಲಿ ಹಿರಿಯರಿಗೆ ವಸತಿ ಕೊಡೋ ಯೋಜನೆ ಬಂತು. ಅಕ್ಕಪಕ್ಕದವರು ಬೇಡವೇ ಬೇಡ ಅಂತ ಗಲಾಟೆ ಎಬ್ಬಿಸಿದರು. ಅದನ್ನು ನೋಡಿದ ಮನೋವೈದ್ಯ ರಾಬರ್ಟ್ ಬಟ್ಲರ್, ಬಣ್ಣದ ಮೇಲೆ ಮಾಡೋ ಭೇದಕ್ಕೆ ರೇಸಿಸಂ ಅನ್ನೋ ಹಾಗೆ ಇದು ಏಜಿಸಂ ಅಂದರು. ಹೆಸರಿಟ್ಟರೆ ಏನಾಗುತ್ತೆ ಅಂತ ನೀವು ಕೇಳಬಹುದು. ಹೆಸರಿಲ್ಲದೇ ಇರೋದನ್ನು ದೂರು ಕೊಡೋಕೂ ಆಗಲ್ಲ, ಅಲ್ವಾ? ಆಮೇಲೆ ಬೆಕಾ ಲೆವಿ ಅನ್ನೋ ಸಂಶೋಧಕಿ ಅಳತೆಗೂ ಇಳಿದರು. ಓಹಾಯೋದ ಒಂದು ಊರಿನ 660 ಜನರ ಮಾಹಿತಿ ಇಟ್ಟುಕೊಂಡು, ತಮ್ಮ ಮುಪ್ಪಿನ ಬಗ್ಗೆ ಒಳ್ಳೆ ಭಾವನೆ ಇದ್ದವರು ಇಲ್ಲದವರಿಗಿಂತ ಸರಾಸರಿ ಏಳೂವರೆ ವರ್ಷ ಜಾಸ್ತಿ ಬದುಕಿದ್ದರು ಅಂತ 2002ರಲ್ಲಿ ಬರೆದರು. ಒಂದೇ ಅಧ್ಯಯನ ಹಿಡಿದು ಕುಣಿಯಬಾರದು, ಒಪ್ಪುತ್ತೇನೆ. ಆದರೂ ಏಳೂವರೆ ವರ್ಷ!

ನನಗೆ ನಗು ಬಂದಿದ್ದು ವಿಶ್ವ ಆರೋಗ್ಯ ಸಂಸ್ಥೆಯ ಕಥೆ ಓದಿ. ಇದೇ ಸಂಸ್ಥೆ 2021ರಲ್ಲಿ ವಯಸ್ಸಿನ ತಾರತಮ್ಯದ ಬಗ್ಗೆ ದೊಡ್ಡ ವರದಿ ತಂದು, ಜಗತ್ತಿನಲ್ಲಿ ಇಬ್ಬರಲ್ಲಿ ಒಬ್ಬರಿಗೆ ಹಿರಿಯರ ಬಗ್ಗೆ ಇಂಥ ಧೋರಣೆ ಇದೆ ಅಂತ ಹೇಳಿತು. ಅದೇ ಹೊತ್ತಿಗೆ ಅದರ ಕಾಯಿಲೆಗಳ ಹೊಸ ಪಟ್ಟಿಯಲ್ಲಿ "ಮುಪ್ಪು" ಅನ್ನೋದಕ್ಕೂ ಒಂದು ಕೋಡ್ ಸೇರಿಕೊಂಡಿತ್ತು. ಅಂದರೆ ಸತ್ತವರ ಕಾಗದದಲ್ಲಿ ಕಾರಣ ಹುಡುಕದೆ ಮುಪ್ಪು ಅಂತ ಬರೆದು ಮುಗಿಸೋಕೆ ದಾರಿ ಸಿಕ್ಕ ಹಾಗೆ. ಹಲವು ದೇಶಗಳ ತಜ್ಞರು ತಿರುಗಿ ಬಿದ್ದರು. ಅವರಲ್ಲಿ ಬ್ರೆಜಿಲ್‌ನ ಡಾಕ್ಟರ್ ಅಲೆಕ್ಸಾಂಡ್ರೆ ಕಲಾಶೆ ಕೂಡ ಇದ್ದರು. ಹಿಂದೆ ಅದೇ ಸಂಸ್ಥೆಯಲ್ಲಿ ಹಿರಿಯರ ವಿಭಾಗ ನಡೆಸಿದವರು ಅವರು! ಕೊನೆಗೆ ಆ ಪದವನ್ನು ತೆಗೆದರು.

ಈಗ ಇದರ ಇನ್ನೊಂದು ಮಗ್ಗುಲು ನೋಡಿ. ಬೇಡದ ಕಡೆಯೆಲ್ಲ ವಯಸ್ಸು ಬಂದು ಕೂರುತ್ತೆ, ಬೇಕಾದ ಕಡೆ ಮಾತ್ರ ನಾಪತ್ತೆ. ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯಲ್ಲಿ ಯಾವ್ಯಾವುದರ ಮೇಲೆ ಭೇದ ಮಾಡಬಾರದು ಅಂತ ಪಟ್ಟಿ ಇದೆ. ಬಣ್ಣ, ಲಿಂಗ, ಭಾಷೆ, ಧರ್ಮ, ಆಸ್ತಿ, ಹುಟ್ಟು ಎಲ್ಲಾ ಇವೆ. ವಯಸ್ಸು ಇಲ್ಲ. "ಇತರೆ" ಅನ್ನೋದರಲ್ಲಿ ಅಡಗಿಕೊಂಡಿದೆ ಅಂತ ವಾದ ಮಾಡಬೇಕು. ಅದೇ ವರ್ಷ ಅರ್ಜೆಂಟೀನಾ ಹಿರಿಯರ ಹಕ್ಕುಗಳಿಗೆ ಅಂತಲೇ ಒಂದು ಕರಡು ತಂದಿತ್ತು, ಅದು ಮುಂದೆ ಹೋಗಲಿಲ್ಲ. ಹೆಂಗಸರಿಗೆ 1979ರಲ್ಲಿ ಒಡಂಬಡಿಕೆ (ಒಪ್ಪಿದ ದೇಶಗಳು ಪಾಲಿಸಲೇಬೇಕಾದ ಒಪ್ಪಂದ) ಬಂತು, ಮಕ್ಕಳಿಗೆ 1989ರಲ್ಲಿ, ಅಂಗವಿಕಲರಿಗೆ 2006ರಲ್ಲಿ. ಹಿರಿಯರಿಗೆ ಸಿಕ್ಕಿದ್ದು 1991ರಲ್ಲಿ ವಿಶ್ವಸಂಸ್ಥೆ ಬರೆದ 18 ತತ್ವಗಳು, 2002ರಲ್ಲಿ ಮ್ಯಾಡ್ರಿಡ್‌ನಲ್ಲಿ ಒಪ್ಪಿದ ಒಂದು ಕಾರ್ಯಯೋಜನೆ, ಅಕ್ಟೋಬರ್ 1ಕ್ಕೆ ಒಂದು ದಿನಾಚರಣೆ. ಇವು ಯಾವುದೂ ಸರ್ಕಾರದ ಕೈ ಕಟ್ಟಲ್ಲ.

ಹಿರಿಯರ ಹಕ್ಕುಗಳಿಗೆ ಇರೋ ಕಾನೂನು ಸಾಕಾ ಅಂತ ನೋಡೋಕೆ ವಿಶ್ವಸಂಸ್ಥೆ 2010ರ ಡಿಸೆಂಬರ್‌ನಲ್ಲಿ ಒಂದು ಕಾರ್ಯಗುಂಪು ಮಾಡಿತು. 14 ಅಧಿವೇಶನ ಕೂತರು. ಇರೋ ಕಾನೂನೇ ಸಾಕು ಅನ್ನೋ ದೇಶಗಳು ಒಂದು ಕಡೆ, ಸಾಲದು ಅನ್ನೋ ತಜ್ಞರು ಇನ್ನೊಂದು ಕಡೆ. ಹಿರಿಯರ ಹಕ್ಕುಗಳಿಗೆ ಅಂತ ವಿಶ್ವಸಂಸ್ಥೆ ನೇಮಿಸಿದ ಒಬ್ಬ ಸ್ವತಂತ್ರ ತಜ್ಞರೂ ಇರುತ್ತಾರೆ, ಚಿಲಿಯ ರೋಸಾ ಕಾರ್ನ್‌ಫೆಲ್ಡ್ ಮಾಟೆ ಮೊದಲನೆಯವರು, 2020ರಲ್ಲಿ ಆಸ್ಟ್ರಿಯಾದ ಕ್ಲೌಡಿಯಾ ಮಾಹ್ಲರ್ ಬಂದರು. ದೇಶ ದೇಶ ಸುತ್ತಿ ವರದಿ ಬರೆಯೋ ಈ ಕೆಲಸಕ್ಕೆ ಸಂಬಳ ಇಲ್ಲ. (ಇದು ನನಗೆ ಗೊತ್ತೇ ಇರಲಿಲ್ಲ.) ಲ್ಯಾಟಿನ್ ಅಮೆರಿಕದ ದೇಶಗಳು ವಿಶ್ವಸಂಸ್ಥೆಗೆ ಕಾಯುತ್ತಾ ಕೂರದೆ 2015ರಲ್ಲೇ ತಮ್ಮದೇ ಒಡಂಬಡಿಕೆ ಮಾಡಿಕೊಂಡವು. ಆಫ್ರಿಕಾದ್ದು 2024ರಲ್ಲಿ ಜಾರಿಗೆ ಬಂತು. ಕೊನೆಗೆ 2025ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ, ಇಡೀ ಜಗತ್ತಿಗೆ ಅನ್ವಯಿಸೋ ಒಡಂಬಡಿಕೆಯ ಕರಡು ಬರೆಯಿರಿ ಅಂತ ಒಪ್ಪಿಗೆ ಕೊಟ್ಟಿತು.

ಕಾಗದದಿಂದ ಏನಾಗುತ್ತೆ, ಮನೆಯವರು ಪ್ರೀತಿಯಿಂದ ನೋಡಿಕೊಂಡರೆ ಸಾಕಲ್ವಾ ಅಂತ ಮೊದಲು ನನಗೂ ಅನ್ನಿಸಿತ್ತು. 60 ದಾಟಿದ ಆರು ಜನರಲ್ಲಿ ಒಬ್ಬರು ಒಂದು ವರ್ಷದೊಳಗೆ ಬೈಗುಳವೋ, ಹೊಡೆತವೋ, ದುಡ್ಡಿನ ಮೋಸವೋ, ಯಾವುದಾದರೂ ಒಂದು ಹಿಂಸೆ ಅನುಭವಿಸಿರುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಎಷ್ಟೋ ಸಲ ಮಾಡೋದು ಮನೆಯವರೇ. ನಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲ ಅಂತ ಬರೆಯೋಕೆ ಹೊರಟೆ, ಕೈ ತಡೆಯಿತು. ಅಪ್ಪನ ಬ್ಯಾಂಕಿನ ಪಾಸ್‌ವರ್ಡ್ ಇರೋದು ನನ್ನ ಹತ್ತಿರ. ಅವರನ್ನು ಕೇಳಿ ಇಟ್ಟುಕೊಂಡಿದ್ದಲ್ಲ, ಸುಮ್ನೆ ನನಗೆ ಸುಲಭ ಅಂತ.

ಆ ಬ್ರೆಜಿಲ್‌ನ ಡಾಕ್ಟರ್ ಕಲಾಶೆ ವಿಶ್ವ ಆರೋಗ್ಯ ಸಂಸ್ಥೆಯಲ್ಲಿದ್ದಾಗ ಹಿರಿಯಸ್ನೇಹಿ ನಗರ ಹೇಗಿರಬೇಕು ಅಂತ ಒಂದು ಕೈಪಿಡಿ ತಂದರು, 2007ರಲ್ಲಿ. ಅದಕ್ಕೆ 33 ನಗರಗಳ ಹಿರಿಯರನ್ನೇ ಕೂರಿಸಿಕೊಂಡು ಏನು ಬೇಕು ಅಂತ ಕೇಳಿದ್ದರು. ಇದನ್ನು ಓದಿದ ಮಾರನೇ ವಾರ ಅಪ್ಪನ ಜೊತೆ ಮತ್ತೆ ಡಾಕ್ಟರ ಹತ್ತಿರ ಹೋಗೋದಿತ್ತು. "ಹೇಗಿದ್ದಾರೆ ಈಗ?" ಅಂತ ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಮೊಬೈಲ್ ತೆಗೆದು ಏನೋ ನೋಡುವವನ ಹಾಗೆ ತಲೆ ತಗ್ಗಿಸಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಪ್ಪ ಶುರು ಮಾಡಿದರು. ಹೋದ ತಿಂಗಳು ರಾತ್ರಿ ಬಚ್ಚಲಲ್ಲಿ ಎರಡು ಸಲ ಬಿದ್ದಿದ್ದರಂತೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.