ನನ್ನ ಇಮ್ಯೂನಿಟಿ ಕಮ್ಮಿ ಇಲ್ಲ

‘ನಿಂಗೆ ಇಮ್ಯೂನಿಟಿ ಕಮ್ಮಿಯಂತೆ, ಏನಾದ್ರೂ ತಗೋಬಾರ್ದಾ?’ ನನಗೆ ಹೆಪಟೈಟಿಸ್ ಬಿ, ಅಂದರೆ ಲಿವರಿಗೆ ತಗುಲುವ ವೈರಸ್ ಸೋಂಕು, ಇದೆ ಅಂತ ಗೊತ್ತಾದವರೆಲ್ಲ ಕೇಳುವುದು ಇದನ್ನೇ. ಬಾಯಲ್ಲಿ ಹೇಳಿ ಸಾಕಾಗಿದೆ.

ತಗೋತಿದ್ದೇನೆ. ದಿನಕ್ಕೊಂದು ಟೆನೊಫೊವಿರ್ ಮಾತ್ರೆ. ಅದು ವೈರಸ್ ಹೆಚ್ಚದಂತೆ ಹಿಡಿದಿಡುತ್ತದೆ. ಇನ್ನು ಆ ‘ಕಮ್ಮಿ’ ಅನ್ನೋ ಮಾತು ಬಿಡಿ. ನಿಮ್ಮಷ್ಟೇ ದಿನಕ್ಕೆ ನನ್ನ ನೆಗಡಿಯೂ ಹೋಗುತ್ತದೆ. ಸೋತಿರುವುದು ಈ ಒಂದು ವೈರಸ್ಸನ್ನು ಗುರುತಿಸುವ ಟಿ ಕೋಶಗಳು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು.

ಆಲೂರು, ಸಕಲೇಶಪುರದವರಿಗೆ ಆನೆ ಕಾಟ ಗೊತ್ತು. ಒಂದು ರಾತ್ರಿಯಾದರೆ ಕೂಗಿ, ಪಟಾಕಿ ಹೊಡೆದು ಓಡಿಸಬಹುದು. ದಿನಾ ಬಂದರೆ ಗಂಟಲು ಕಟ್ಟುತ್ತದೆ. ಗದ್ದೆಯೊಳಗೇ ಅಟ್ಟಾಡಿಸಿದರೆ ತಿಂದದ್ದಕ್ಕಿಂತ ತುಳಿದದ್ದೇ ಜಾಸ್ತಿ. ಲಿವರಿನಲ್ಲೂ ಹಾಗೇ. ಈ ವೈರಸ್ಸಿಗಿಂತ, ಅದನ್ನು ಹುಡುಕಿ ಹೊಡೆಯುವ ನಮ್ಮ ಕೋಶಗಳಿಂದಲೇ ಹೆಚ್ಚು ಹಾನಿ. ವೈರಸ್ ವರ್ಷಗಟ್ಟಲೆ ಎದುರಿಗೇ ಇದ್ದರೆ ಟಿ ಕೋಶಗಳ ಮೈಮೇಲೆ ಪಿಡಿ-1 ಎಂಬ ಬ್ರೇಕ್ ಹೆಚ್ಚುತ್ತಾ ಹೋಗುತ್ತದೆ. ಅವು ಮೊದಲಿನಂತೆ ಮರಿ ಹಾಕುವುದಿಲ್ಲ, ಮೊದಲಿನಂತೆ ಕೊಲ್ಲುವುದೂ ಇಲ್ಲ.

2006ರಲ್ಲಿ ಅಮೆರಿಕದ ವಿಜ್ಞಾನಿ ರಫಿ ಅಹ್ಮದ್ ಅವರ ತಂಡ ಇಂಥದ್ದೇ ದೀರ್ಘ ಸೋಂಕಿದ್ದ ಇಲಿಗಳಲ್ಲಿ ಈ ಬ್ರೇಕ್ ಬಿಡಿಸಿ ನೋಡಿತು. ದಣಿದ ಕೋಶಗಳು ಮತ್ತೆ ಕೆಲಸಕ್ಕಿಳಿದವು. ಆದರೆ ಆ ಬ್ರೇಕ್ ಒತ್ತುವ ಪ್ರೋಟೀನೇ ಹುಟ್ಟಿನಿಂದ ಇಲ್ಲದ ಇಲಿಗಳು ಅದೇ ಸೋಂಕಿನಲ್ಲಿ ಸತ್ತುಹೋದವು. ನನ್ನ ಕೋಶಗಳು ಸೋಮಾರಿತನದಿಂದ ಕೂತಿಲ್ಲ, ಬ್ರೇಕ್ ಹಾಕಿಕೊಂಡು ನನ್ನನ್ನೂ ಉಳಿಸಿಕೊಂಡಿವೆ.

ಹೋದ ವರ್ಷ ಹಾಸನದಲ್ಲಿ ಗೃಹಪ್ರವೇಶ. ದೊಡ್ಡಮ್ಮ ಎಲ್ಲರೆದುರಿಗೆ ಅಮೃತಬಳ್ಳಿ ಕಷಾಯ ತಂದುಕೊಟ್ಟರು. ‘ಕುಡಿ ಮಗಾ, ಶಕ್ತಿ ಬರುತ್ತೆ.’ ಪ್ರೀತಿಯಿಂದಲೇ ಕೊಟ್ಟದ್ದು. ನಾನು ಕುಡಿಯಲಿಲ್ಲ. ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ಬಗ್ಗೆ 2021ರಲ್ಲಿ ಮುಂಬೈ ವೈದ್ಯರು ಬರೆದಿದ್ದಾರೆ. ದೊಡ್ಡಮ್ಮನ ಮುಖ ಚಿಕ್ಕದಾಯಿತು.

ಅವರ ಪಕ್ಕದಲ್ಲೇ ಏಳು ತಿಂಗಳ ಬಸುರಿ ಸೊಸೆ ಕೂತಿದ್ದಳು. ‘ಇದು ನಿಂಗೆ ಎಲ್ಲಿಂದ ಬಂತು?’ ಅಂತ ಒಬ್ಬರಾದರೂ ಕೇಳಬಾರದಿತ್ತಾ? ಅಮ್ಮನಿಂದ ಬಂತು, ಹೆರಿಗೆಯಲ್ಲಿ. ಅಮ್ಮನಿಗೂ ಗೊತ್ತಿರಲಿಲ್ಲ. ದೊಡ್ಡವರಾದ ಮೇಲೆ ತಗುಲಿದರೆ ನೂರಕ್ಕೆ ತೊಂಬತ್ತೈದು ಜನ ತಾವಾಗಿಯೇ ಗೆಲ್ಲುತ್ತಾರೆ. ಹುಟ್ಟುವಾಗ ತಗುಲಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಉಳಿದೇಬಿಡುತ್ತದೆ. ತಡೆಯುವುದಕ್ಕೆ ಬಸುರಿಯಲ್ಲಿ ಒಂದು ರಕ್ತ ಪರೀಕ್ಷೆ ಬೇಕು, ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಲಸಿಕೆ ಬೇಕು.

ಊಟ ಮುಗಿದ ಮೇಲೆ ಅವಳನ್ನು ಕರೆದು ಇಷ್ಟೂ ಹೇಳಿದೆ. ಬ್ಯಾಗಿನಿಂದ ತಾಯಿ ಕಾರ್ಡ್ ತೆಗೆದು ಹುಡುಕಿದಳು. ಆ ಟೆಸ್ಟ್ ಆಗಿರಲಿಲ್ಲ. ಮಾರನೇ ದಿನವೇ ಹೋಗಿ ಮಾಡಿಸಿದಳು.