ಸ್ಪ್ರಿಂಗ್ ಸವೆದದ್ದಕ್ಕೂ ಒಂದು ಕಾರಣವಿತ್ತು

ಆ ಚಳಿಗಾಲದ ನಡುವಿಗೆ ಹಿಮದ ಮೇಲೆ ಓಡುವ ನನ್ನ ಗಾಡಿ, ಸ್ನೋಮೊಬೈಲ್, ಹೊರಡುವಾಗೆಲ್ಲ ಜರ್ಕ್ ಹೊಡೆಯತೊಡಗಿತ್ತು. ಥ್ರಾಟಲ್ ಎಷ್ಟು ಮೆಲ್ಲಗೆ ಒತ್ತಿದರೂ ಗಾಡಿ ಕದಲದೆ ನಿಂತು, ಆಮೇಲೆ ಒಮ್ಮೆಲೇ ಮುಂದಕ್ಕೆ ನೆಗೆಯುತ್ತಿತ್ತು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು (ಆರ್‌ಪಿಎಂ) ತಿರುಗುತ್ತಿದೆ ಎಂದು ತೋರಿಸುವ ಟ್ಯಾಕೋಮೀಟರ್ ಮೇಲೆ ಕಣ್ಣಿಟ್ಟರೆ, ಒಮ್ಮೆ 3800 ಆರ್‌ಪಿಎಂಗೇ ಕ್ಲಚ್ ಬೆಲ್ಟನ್ನು ಹಿಡಿದುಬಿಡುತ್ತಿತ್ತು, ಇನ್ನೊಮ್ಮೆ 4400 ದಾಟಿದರೂ ಹಿಡಿಯುತ್ತಿರಲಿಲ್ಲ. ಇದಕ್ಕಿಂತ ಹೆಚ್ಚು ಕಾಡಿದ್ದು ತಿರುವುಗಳಲ್ಲಿ. ವೇಗ ಇಳಿಸಿ ಮತ್ತೆ ಥ್ರಾಟಲ್ ಕೊಟ್ಟರೆ ಎಂಜಿನ್ ಉಸಿರು ಕಟ್ಟಿದಂತೆ ಒದ್ದಾಡುತ್ತಿತ್ತು.

ನೋಡಿದವರೆಲ್ಲ ಕಾರ್ಬ್ಯುರೇಟರ್ ಬಿಚ್ಚು ಎಂದರು. ನನಗೆ ಕ್ಲಚ್ ಮೇಲೆಯೇ ಅನುಮಾನ. ಅದಕ್ಕೆ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಸ್ನೋಮೊಬೈಲ್‌ನಲ್ಲಿ ಗೇರು ಬದಲಿಸುವ ಕೆಲಸವಿಲ್ಲ. ಗೇರಿಲ್ಲದ ಸ್ಕೂಟರಿನಲ್ಲಿ ಇರುವಂತೆಯೇ ಎರಡು ಪುಲ್ಲಿ, ನಡುವೆ ಒಂದು ಬೆಲ್ಟ್. ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿಗೆ ಕೂತಿರುವುದು ಪ್ರೈಮರಿ ಕ್ಲಚ್. ಎಂಜಿನ್ ವೇಗ ಏರಿದಂತೆ ಅದರೊಳಗಿನ ತೂಕದ ತುಂಡುಗಳು ಹೊರಕ್ಕೆ ಚಿಮ್ಮಿ, ಸರಿದಾಡುವ ತಟ್ಟೆಯನ್ನು ತಳ್ಳಿ ಬೆಲ್ಟನ್ನು ಅದುಮುತ್ತವೆ. ಅವುಗಳಿಗೆ ಎದುರಾಗಿ ನಿಂತಿರುವುದು ಸ್ಪ್ರಿಂಗ್. ತೂಕ ಮತ್ತು ಸ್ಪ್ರಿಂಗಿನ ಈ ಜಗ್ಗಾಟದಲ್ಲೇ ಗಾಡಿ ಯಾವಾಗ ಹೊರಡಬೇಕು, ಎಂಜಿನ್ ಎಷ್ಟು ಆರ್‌ಪಿಎಂನಲ್ಲಿ ನಿಲ್ಲಬೇಕು ಎಂಬುದೆಲ್ಲ ತೀರ್ಮಾನವಾಗುತ್ತದೆ.

ಸ್ಪ್ರಿಂಗ್ ಬರೀ ಸೋತಿದ್ದರೆ ಆರ್‌ಪಿಎಂ ಯಾವಾಗಲೂ ಒಂದೇ ದಿಕ್ಕಿಗೆ ತಪ್ಪಬೇಕು. ಗಾಡಿ ಬೇಗ ಹೊರಡುತ್ತದೆ, ಪೂರ್ತಿ ಥ್ರಾಟಲ್‌ನಲ್ಲೂ ಎಂಜಿನ್ ಮೇಲೇರುವುದಿಲ್ಲ. ನನ್ನದು ಹಾಗಿರಲಿಲ್ಲ. 8000ದ ಆಸುಪಾಸಿನಲ್ಲಿ ನಿಲ್ಲಬೇಕಾದ ಟು-ಸ್ಟ್ರೋಕ್ ಎಂಜಿನ್, ವೇಗ ಏರುವಾಗ ಅದಕ್ಕಿಂತ ಮೇಲೆ ಓಡುತ್ತಿತ್ತು. ದಪ್ಪ ಹಿಮಕ್ಕೆ ನುಗ್ಗಿ ಭಾರ ಬಿದ್ದಾಗ ಅದಕ್ಕಿಂತ ಕೆಳಗಿಳಿದು ಅಲ್ಲೇ ಉಳಿಯುತ್ತಿತ್ತು. ಕ್ಲಚ್ಚಿನ ತಟ್ಟೆ ಹೋಗುವಾಗಲೂ ತಡ, ಬರುವಾಗಲೂ ತಡ. ಎರಡೂ ಕಡೆಗೆ ಅಡ್ಡ ಬರುವುದು ಘರ್ಷಣೆ ಮಾತ್ರ. ಒಳಗೆ ಏನೋ ಉಜ್ಜುತ್ತಿದೆ, ಹಿಡಿಯುತ್ತಿದೆ ಎಂದು ಅಲ್ಲಿಗೆ ಖಾತ್ರಿಯಾಯಿತು. ಇಂಥ ಹೊತ್ತಿನಲ್ಲಿ ಹೆಚ್ಚು ಬಿಗಿಯಾದ ಸ್ಪ್ರಿಂಗ್ ತಂದು ಹಾಕುವವರೇ ಜಾಸ್ತಿ. ನನ್ನ ಮಟ್ಟಿಗೆ ಅದು ರೋಗವನ್ನು ಮುಚ್ಚಿಡುವ ಕೆಲಸ.

ಒಂದು ಭಾನುವಾರ ಬೆಳಗ್ಗೆ ಕೂತೆ. ಬೆಲ್ಟಿನ ಮೇಲಿನ ಬಾಣದ ಗುರುತು ಯಾವ ಕಡೆಗಿದೆ ಎಂದು ನೋಡಿಕೊಂಡು ಅದನ್ನು ಕಳಚಿದೆ. ಪ್ರೈಮರಿ ಕ್ಲಚ್ ಕೂತಿರುವುದು ಶಾಫ್ಟಿನ ಇಳಿಜಾರು ತುದಿಯ ಮೇಲೆ, ಕೈಯಿಂದ ಎಳೆದರೆ ಬರುವುದಿಲ್ಲ. ಆ ಮಾಡೆಲ್ಲಿಗೆಂದೇ ಮಾಡಿದ ಪುಲ್ಲರ್ ಹಾಕಿ ಬಿಗಿಸುತ್ತ ಹೋದಾಗ ಟಪ್ ಎಂದು ಸಡಿಲವಾಯಿತು. ಕವರಿಗೂ ಬಾಡಿಗೂ ಸೇರಿಸಿ ಮಾರ್ಕರ್‌ನಿಂದ ಗೆರೆ ಎಳೆದುಕೊಂಡೆ. ಈ ಜೋಡಿಯನ್ನು ಒಟ್ಟಿಗೇ ಬ್ಯಾಲೆನ್ಸ್ ಮಾಡಿರುತ್ತಾರೆ, ತಿರುಗಿಸಿ ಕೂರಿಸಿದರೆ ಕ್ಲಚ್ ನಡುಗುತ್ತದೆ. ಕವರಿನ ಬೋಲ್ಟುಗಳನ್ನು ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ, ಎಲ್ಲವೂ ಸಮನಾಗಿ ಏಳುವಂತೆ ಬಿಚ್ಚಬೇಕು. ಒಳಗೆ ಸ್ಪ್ರಿಂಗ್ ಒತ್ತಿಕೊಂಡು ಕೂತಿರುತ್ತದೆ. ಒಂದು ಬದಿ ಮೊದಲೇ ಬಿಟ್ಟರೆ ಕವರ್ ಓರೆಯಾಗಿ ಬುಷ್, ಅಂದರೆ ಶಾಫ್ಟ್ ಹಾಯುವ ತೂತಿನೊಳಗಿನ ಬಳೆ, ಕೆರೆದುಹೋಗುತ್ತದೆ.

ಸ್ಪ್ರಿಂಗನ್ನು ಬೆಳಕಿಗೆ ಹಿಡಿದೆ. ಮೈಯೆಲ್ಲ ಬಣ್ಣ ಹಾಗೇ ಇತ್ತು. ಒಂದು ಬದಿಯಲ್ಲಿ ಮಾತ್ರ ನಡುವಿನ ಸುರುಳಿಗಳ ಹೊರಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಬೆರಳಾಡಿಸಿದರೆ ದುಂಡಗಿರಬೇಕಾದ ತಂತಿ ಅಲ್ಲಿ ಚಪ್ಪಟೆ. ಕವರಿನ ಒಳಗೋಡೆಯಲ್ಲಿ ಅದಕ್ಕೆ ಸರಿಯಾಗಿ ಗೀರುಗಳು. ಸ್ಪ್ರಿಂಗನ್ನು ಗಾಜಿನ ಮೇಲೆ ಉರುಳಿಸಿದರೆ ನೇರವಾಗಿ ಉರುಳದೆ ಒಂದು ಕಡೆಗೆ ವಾಲುತ್ತಿತ್ತು. ಹೊಸ ಸ್ಪ್ರಿಂಗಿನ ಪಕ್ಕ ನಿಲ್ಲಿಸಿದಾಗ ಕಣ್ಣಿಗೆ ಕಾಣುವಷ್ಟು ಗಿಡ್ಡ.

ಹೊಸದು ಕೈಯಲ್ಲೇ ಇತ್ತು, ಹಾಕಿ ಮುಗಿಸಬಹುದಿತ್ತು. ಆದರೆ ಒಂದೇ ಬದಿ ಏಕೆ ಸವೆಯಿತು? ಖಾಲಿ ಕವರನ್ನು ಶಾಫ್ಟಿನ ಮೇಲೆ ಕೂರಿಸಿ ಅಲುಗಿಸಿದೆ. ಲಟಕ್ ಲಟಕ್ ಎಂದು ವಾಲಿತು. ಕವರಿನ ಬುಷ್ ಸವೆದು ಅಷ್ಟು ಆಟ ಬಂದಿತ್ತು. ಕವರ್ ಓರೆಯಾದಾಗಲೆಲ್ಲ ಸ್ಪ್ರಿಂಗ್ ಬಾಗಿ ಗೋಡೆಗೆ ಉಜ್ಜುತ್ತಿತ್ತು, ಸರಿದಾಡುವ ತಟ್ಟೆಯೂ ಶಾಫ್ಟನ್ನು ಕಚ್ಚುತ್ತಿತ್ತು. ಹೊಸ ಸ್ಪ್ರಿಂಗಿಗೂ ಇದೇ ಗತಿ ಕಾದಿತ್ತು. ಬುಷ್ ಬದಲಿಸಲು ಪ್ರೆಸ್ ಬೇಕು. ಅದಿರುವ ಗೆಳೆಯನಲ್ಲಿಗೆ ಹೋಗಿ ಹಳೆಯದನ್ನು ತೆಗೆದು ಹೊಸದನ್ನು ಒತ್ತಿಸಿಕೊಂಡು ಬಂದೆ.

ಸುರುಳಿ ಸುರುಳಿಗೆ ತಾಗಿ ಸ್ಪ್ರಿಂಗ್ ಗಟ್ಟಿಯಾಗಿಬಿಡುವ ಇನ್ನೊಂದು ತೊಂದರೆಯೂ ಉಂಟು. ಅದರ ಲೆಕ್ಕ ಸುಲಭ: ತಂತಿಯ ದಪ್ಪವನ್ನು ಸುರುಳಿಗಳ ಸಂಖ್ಯೆಯಿಂದ ಗುಣಿಸಿದರೆ ಪೂರ್ತಿ ಒತ್ತಿದಾಗಿನ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ. 5 ಮಿ.ಮೀ. ತಂತಿ, 6 ಸುರುಳಿ ಇದ್ದರೆ 30 ಮಿ.ಮೀ. ಕ್ಲಚ್ ಪೂರ್ತಿ ಮುಚ್ಚಿದಾಗ ಸ್ಪ್ರಿಂಗಿಗೆ ಉಳಿಯುವ ಜಾಗ ಇದಕ್ಕಿಂತ ಹೆಚ್ಚಿರಲೇಬೇಕು. ನನ್ನ ಕ್ಲಚ್‌ನಲ್ಲಿ ಆ ತೊಂದರೆ ಇರಲಿಲ್ಲ. ರೋಲರ್‌ಗಳು, ತೂಕದ ಪಿನ್ನುಗಳು ಸರಾಗವಾಗಿ ತಿರುಗಿದವು.

ಬೆಲ್ಟಿನ ಇನ್ನೊಂದು ತುದಿಯ ಪುಲ್ಲಿಯಾದ ಸೆಕೆಂಡರಿ ಕ್ಲಚ್ಚನ್ನೂ ಬಿಡಲಿಲ್ಲ. ಅಲ್ಲಿ ಸ್ಪ್ರಿಂಗ್ ಒತ್ತಿಕೊಳ್ಳುವುದರ ಜೊತೆಗೆ ತಿರುಚಿಕೊಳ್ಳುತ್ತದೆ ಕೂಡ. ತಿರುಚಿದಾಗ ಅದರ ತುದಿ ಲೋಹದ ಮೇಲೆ ಜಾರದೆ ಕಚ್ಚಿಕೊಂಡರೆ ಬೆಲ್ಟ್ ಕೆಳಗಿನ ಅನುಪಾತಕ್ಕೆ, ಅಂದರೆ ಲೋ ಗೇರಿನಂಥ ಸ್ಥಿತಿಗೆ, ಬೇಗ ಮರಳುವುದಿಲ್ಲ. ನನ್ನದು ತುದಿಗಳನ್ನು ತೂತಿಗೆ ಸಿಕ್ಕಿಸುವ ಬಗೆಯದಲ್ಲ, ಬರೀ ಒತ್ತುವ ಸ್ಪ್ರಿಂಗ್. ಆದ್ದರಿಂದ ಅದರ ತುದಿಗೆ ಜಾರುವ ತೆಳು ಪ್ಲಾಸ್ಟಿಕ್ ವಾಷರ್ ಕೊಟ್ಟೆ. ಸಣ್ಣ ವಸ್ತು, ಆದರೆ ಈ ಗಾಡಿಗೆ ಮಾಡಿದ್ದರಲ್ಲಿ ನನಗೆ ತುಂಬಾ ಹಿಡಿಸಿದ ಕೆಲಸ ಇದೇ.

ಬೆಲ್ಟಿನ ಕಪ್ಪು ಪುಡಿಯನ್ನೆಲ್ಲ ಬಿಸಿ ಸೋಪು ನೀರಿನಲ್ಲಿ ತೊಳೆದು ಒಣಗಿಸಿದೆ. ಉಜ್ಜುತ್ತಿದೆ ಎಂದು ಗ್ರೀಸ್ ಹಚ್ಚುವ ಆಸೆ ಯಾರಿಗಾದರೂ ಬರಬಹುದು, ಖಂಡಿತ ಬೇಡ. ಇದು ಒಣಗಿಯೇ ಕೆಲಸ ಮಾಡುವ ಕ್ಲಚ್. ಗ್ರೀಸಿಗೆ ಪುಡಿ ಮೆತ್ತಿಕೊಂಡು ಅಂಟಾಗುತ್ತದೆ, ಬೆಲ್ಟಿಗೆ ತಾಗಿದರೆ ಬೆಲ್ಟ್ ಜಾರುತ್ತದೆ. ಶಾಫ್ಟಿನ ತುದಿಯನ್ನೂ ಆಲ್ಕೋಹಾಲ್‌ನಿಂದ ಒರೆಸಿ, ಒಂದು ಹನಿ ಎಣ್ಣೆ ಇಲ್ಲದಂತೆ ಮಾಡಿ ಕ್ಲಚ್ ಕೂರಿಸಿದೆ. ಬೋಲ್ಟಿಗೆ ಮ್ಯಾನುಯಲ್ ಹೇಳಿದಷ್ಟೇ ಟಾರ್ಕ್ (ಬಿಗಿ) ಕೊಟ್ಟೆ. ಬೆಲ್ಟ್ ಹಾಕದೆ ಎಂಜಿನ್ ರೇಸ್ ಮಾಡಬಾರದು. ಬೆಲ್ಟನ್ನು ಮುಚ್ಚುವ ಗಾರ್ಡ್ ಹಾಕದೆ ಗಾಡಿ ಸ್ಟಾರ್ಟ್ ಮಾಡಲೂಬಾರದು. ಬೆಲ್ಟ್ ಹರಿದರೆ ತುಂಡುಗಳು ಗುಂಡಿನಂತೆ ಹಾರುತ್ತವೆ.

ಹೊರಗೆ ಒಯ್ಯುವ ಮುಂಚೆ ಪ್ರೈಮರಿಯ ತಟ್ಟೆಯ ಮೇಲೆ ನಡುವಿನಿಂದ ಅಂಚಿನವರೆಗೆ ಮಾರ್ಕರ್ ಗೆರೆ ಎಳೆದಿದ್ದೆ. ಮಟ್ಟಸ ಹಿಮದ ಮೇಲೆ ಒಂದು ಉದ್ದನೆಯ ಓಟ ಓಡಿಸಿ ಬಂದು ನೋಡಿದರೆ ಬೆಲ್ಟ್ ಆ ಗೆರೆಯನ್ನು ಹೆಚ್ಚುಕಡಿಮೆ ಅಂಚಿನವರೆಗೂ ಒರೆಸಿತ್ತು. ಅಂದರೆ ಎಲ್ಲೂ ಹಿಡಿಯದೆ ತುದಿ ಮುಟ್ಟುತ್ತಿದೆ. ಹೊರಡುವಾಗ ಪ್ರತಿ ಸಲವೂ 4000ದ ಹತ್ತಿರವೇ ಹಿಡಿಯಿತು. ಆಮೇಲೆ ಬೇಕೆಂದೇ ದಪ್ಪ ಹಿಮಕ್ಕೆ ನುಗ್ಗಿಸಿದೆ. ಮುಳ್ಳು ಒಂದಿಷ್ಟು ಕೆಳಗಿಳಿದು, ತಕ್ಷಣ 8000ಕ್ಕೆ ಮರಳಿತು.