ಮಚು ಪಿಚುವಿಗೆ ಇಳಿದು ಹೋಗುವ ತಯಾರಿ

ಜೂನ್ ತಿಂಗಳಲ್ಲಿ ಪೆರುವಿಗೆ ಹೊರಟಿದ್ದೇನೆಂದು ತಿಳಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಅಷ್ಟು ಎತ್ತರ ಹತ್ತಲು ನಿನ್ನಿಂದ ಆಗುತ್ತದೆಯೇ?’ ನಾನು ಆರಿಸಿಕೊಂಡಿರುವ ದಾರಿಯಲ್ಲಿ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ಎಂದರೆ ಯಾರೂ ನಂಬುವುದಿಲ್ಲ. ಇಂಕಾ ಜನರ ಪಾಳುನಗರ ಮಚು ಪಿಚು ಇರುವುದು 2,430 ಮೀಟರ್ ಎತ್ತರದಲ್ಲಿ; ಅಲ್ಲಿಗೆ ಹೋಗುವವರು ವಿಮಾನದಿಂದ ಇಳಿಯುವ ಕುಸ್ಕೊ ನಗರವೋ ಅದಕ್ಕಿಂತ ಸುಮಾರು ಸಾವಿರ ಮೀಟರ್ ಮೇಲಿದೆ.

ಅಲ್ಲಿಗೆ ನಡೆದು ಹೋಗುವ ಹೆಸರಾಂತ ಹಳೆಯ ದಾರಿ ಇಂಕಾ ಟ್ರೇಲ್‌ನಲ್ಲಿ ದಿನಕ್ಕೆ 500 ಜನರಿಗೆ ಮಾತ್ರ ಪರವಾನಗಿ ಕೊಡುತ್ತಾರೆ, ಅದೂ ಗೈಡುಗಳನ್ನೂ ಹೊರೆ ಹೊರುವವರನ್ನೂ ಸೇರಿಸಿ. ನಾನು ವಿಚಾರಿಸುವ ಹೊತ್ತಿಗೆ ಅದು ಮುಗಿದುಹೋಗಿತ್ತು. ಹೀಗಾಗಿ ‘ಇಂಕಾ ಜಂಗಲ್’ ಎಂದು ಕರೆಯುವ ನಾಲ್ಕು ದಿನದ ದಾರಿ ನನ್ನ ಪಾಲಿಗೆ ಬಂತು. ಮೊದಲ ದಿನ 4,300 ಮೀಟರ್ ಮೀರಿದ ಅಬ್ರಾ ಮಲಾಗಾ ಘಾಟಿಯಿಂದ ಸೈಕಲ್‌ನಲ್ಲಿ ಇಳಿಜಾರು, ಆಮೇಲೆ ಉರುಬಾಂಬಾ ನದಿಯಲ್ಲಿ ರ‍್ಯಾಫ್ಟಿಂಗ್, ಕಾಫಿ ಮತ್ತು ಕೋಕಾ ತೋಟಗಳ ನಡುವೆ ನಡಿಗೆ, ಸಾಂತಾ ತೆರೆಸಾದಲ್ಲಿ ಜಿಪ್‌ಲೈನ್, ಅದಾದ ಮೇಲೆ ರೈಲು ಹಳಿಯ ಪಕ್ಕದಲ್ಲೇ ಸುಮಾರು ಹತ್ತು ಕಿಲೋಮೀಟರ್ ನಡೆದು ಬೆಟ್ಟದ ಬುಡದ ಆಗ್ವಾಸ್ ಕಾಲಿಯೆಂಟೆಸ್ ಊರು. ಮೊದಲಿಗೆ ಇದು ಎರಡನೆಯ ದರ್ಜೆಯ ಆಯ್ಕೆಯೆಂದು ಬೇಸರವಾಗಿತ್ತು. ತಯಾರಿಗೆ ಇಳಿದ ಮೇಲೆ ಆ ಬೇಸರ ಉಳಿದಿಲ್ಲ.

ಇಳಿಯುವುದು ಸುಲಭವೆಂದು ತಿಳಿದಿದ್ದವನಿಗೆ ನಂದಿ ಬೆಟ್ಟವೇ ಪಾಠ ಕಲಿಸಿತು. ಭಾನುವಾರ ಬೆಳಗ್ಗೆ ಅಲ್ಲಿಗೆ ಬರುವ ಸೈಕಲ್ ಸವಾರರೆಲ್ಲ ಏರುವುದನ್ನೇ ಲೆಕ್ಕ ಹಾಕುತ್ತಾರೆ. ನಾನು ಮಾತ್ರ ಇಳಿಯುವುದನ್ನು ಅಭ್ಯಾಸ ಮಾಡಲು ಹತ್ತುತ್ತಿದ್ದೆ. ಮೊದಲ ಸಲ ಕೆಳಗೆ ಬಂದಾಗ ಕಾಲು ಚೆನ್ನಾಗಿಯೇ ಇತ್ತು, ಆದರೆ ಬ್ರೇಕ್ ಹಿಡಿದು ಹಿಡಿದು ಮುಂಗೈ ಮರಗಟ್ಟಿ, ಎಳನೀರಿನವನಿಗೆ ಚಿಲ್ಲರೆ ಎಣಿಸಿ ಕೊಡಲೂ ಆಗಲಿಲ್ಲ. ಬ್ರೇಕನ್ನು ಒತ್ತಿಯೇ ಹಿಡಿಯದೆ, ತಿರುವಿಗೆ ಮೊದಲೇ ವೇಗ ತಗ್ಗಿಸಿ, ತಿರುವಿನಲ್ಲಿ ಬಿಡಬೇಕೆಂಬುದು ಕೈಗೆ ಹತ್ತಲು ಐದಾರು ವಾರ ಬೇಕಾಯಿತು. ಮಂಡಿಯ ಕಥೆಯೂ ಇಂಥದ್ದೇ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತದೆ. ಮರುದಿನ ನೋವು ಕಾಣಿಸುವುದು ಅದರಿಂದಲೇ. ಆದ್ದರಿಂದ ನಮ್ಮ ಅಪಾರ್ಟ್‌ಮೆಂಟಿನ ಒಂಬತ್ತು ಮಹಡಿಯನ್ನು ಲಿಫ್ಟಿನಲ್ಲಿ ಏರಿ, ಬೆನ್ನಿಗೆ ಎಂಟು ಕಿಲೋ ಹೊರೆ ಹಾಕಿಕೊಂಡು ಮೆಟ್ಟಿಲಿನಲ್ಲಿ ಇಳಿಯುತ್ತಿದ್ದೇನೆ. ಕಾವಲುಗಾರರು ಮೊದಮೊದಲು ವಿಚಿತ್ರವಾಗಿ ನೋಡುತ್ತಿದ್ದರು.

ಎತ್ತರಕ್ಕೆ ಮಾತ್ರ ಇಲ್ಲಿ ಅಭ್ಯಾಸವಿಲ್ಲ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಕುಸ್ಕೊ ಅದಕ್ಕಿಂತ ಸುಮಾರು 1,500 ಮೀಟರ್ ಮೇಲಿದೆ. ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅಲ್ಲಿನ ತೆಳುಗಾಳಿಗೆ ದೇಹ ಒಗ್ಗಲು ದಿನಗಳೇ ಬೇಕು. ಅದಕ್ಕಾಗಿ ಕುಸ್ಕೊದಲ್ಲಿ ನಿಲ್ಲದೆ, 2,800 ಮೀಟರಿನ ಆಸುಪಾಸಿನಲ್ಲಿರುವ ಓಯಾಂತೈತಾಂಬೊಗೆ ನೇರವಾಗಿ ಇಳಿದು ಎರಡು ರಾತ್ರಿ ಮಲಗಿ, ಮತ್ತೆ ಮೇಲೆ ಬಂದು ಇನ್ನೆರಡು ದಿನ ಕಳೆದ ಮೇಲೆಯೇ ಸೈಕಲ್ ಹತ್ತುವುದೆಂದು ಯೋಜಿಸಿದ್ದೇನೆ. ವೈದ್ಯರು ಎತ್ತರದ ಕಾಯಿಲೆ ತಡೆಯಲು ಅಸೆಟಜೋಲಮೈಡ್ ಮಾತ್ರೆ ಬರೆದುಕೊಟ್ಟಿದ್ದಾರೆ. ಕೋಕಾ ಎಲೆಯ ಚಹಾ ಅಲ್ಲಿ ಎಲ್ಲೆಡೆ ಸಿಗುತ್ತದೆಯಂತೆ, ಕುಡಿಯುವೆ. ಆದರೆ ಕೊಕೇನ್ ತೆಗೆಯುವುದು ಅದೇ ಎಲೆಯಿಂದಾದ್ದರಿಂದ ಒಂದನ್ನೂ ಊರಿಗೆ ತರುವಂತಿಲ್ಲ.

ನನಗೆ ಈಜು ಬಾರದು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅದಕ್ಕೇ ದಾಂಡೇಲಿಗೆ ಹೋಗಿ ಕಾಳಿ ನದಿಯಲ್ಲಿ ಒಮ್ಮೆ ರ‍್ಯಾಫ್ಟ್ ಹತ್ತಿ ಬಂದೆ. ನೀರಿಗೆ ಬಿದ್ದರೆ ನಿಲ್ಲಲು ಹೋಗದೆ, ಅಂಗಾತ ಮಲಗಿ ಕಾಲನ್ನು ಹರಿವಿನ ದಿಕ್ಕಿಗೆ ಚಾಚಬೇಕು. ನಿಲ್ಲಹೋದರೆ ಪಾದ ಬಂಡೆಯ ಸಂದಿಗೆ ಸಿಕ್ಕಿ, ನೀರು ತಲೆಯನ್ನು ಮುಂದಕ್ಕೆ ಒತ್ತಿಬಿಡುತ್ತದೆ. ಭಯ ಹೋಗಲಿಲ್ಲ, ಆದರೆ ಭಯಪಡುವಾಗ ಏನು ಮಾಡಬೇಕೆಂಬುದು ತಿಳಿಯಿತು.

ಕಾಗದಪತ್ರಗಳಲ್ಲಿ ಹೆಚ್ಚಿನವರು ಮರೆಯುವುದು ಹಳದಿ ಜ್ವರದ ಲಸಿಕೆಯನ್ನು. ಪೆರುವಿನಿಂದ ಭಾರತಕ್ಕೆ ಮರಳುವಾಗ ಅದರ ಪ್ರಮಾಣಪತ್ರ ತೋರಿಸಬೇಕಾಗುತ್ತದೆ, ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಅದು ಊರ್ಜಿತ. ಮಚು ಪಿಚುವಿನ ಟಿಕೆಟ್ಟಿನಲ್ಲಿ ಒಳಗೆ ಯಾವ ದಾರಿಯಲ್ಲಿ ಸುತ್ತಬೇಕು, ಯಾವ ಗಂಟೆಗೆ ಎಂಬುದು ಮೊದಲೇ ನಿಗದಿಯಾಗಿರುತ್ತದೆ, ಬಾಗಿಲಲ್ಲಿ ಮೂಲ ಪಾಸ್‌ಪೋರ್ಟ್ ತೋರಿಸಬೇಕು. ದೊಡ್ಡ ಬೆನ್ನುಚೀಲವನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಚಿಕ್ಕದೊಂದನ್ನು ಬೇರೆಯಾಗಿ ಕೊಂಡಿದ್ದೇನೆ. ಜೂನ್ ಅಲ್ಲಿ ಒಣ ಚಳಿಗಾಲ; ಘಾಟಿಯಲ್ಲಿ ಕೈಗವಸು, ಮರುದಿನದ ಕಾಡಿನಲ್ಲಿ ಸೊಳ್ಳೆಗೆ ಹಚ್ಚುವ ಮುಲಾಮು, ಎರಡೂ ಒಂದೇ ಚೀಲದಲ್ಲಿರಬೇಕು.

1911ರಲ್ಲಿ ಅಮೆರಿಕದ ಅನ್ವೇಷಕ ಹೈರಮ್ ಬಿಂಗಮ್ ಮಚು ಪಿಚುವಿಗೆ ಬಂದಾಗ ಆ ಹದಿನೈದನೆಯ ಶತಮಾನದ ಮೆಟ್ಟಿಲುಗದ್ದೆಗಳಲ್ಲಿ ರೈತ ಕುಟುಂಬಗಳು ಬೆಳೆ ತೆಗೆಯುತ್ತಿದ್ದವು. ‘ಕಂಡುಹಿಡಿದರು’ ಎಂಬ ಮಾತು ಓದಿದಾಗಲೆಲ್ಲ ನನಗೆ ಆ ರೈತರು ನೆನಪಾಗುತ್ತಾರೆ. ಅವರು ಏರಿಳಿಯುತ್ತಿದ್ದ ಆ ಕಡಿದಾದ ಬೆಟ್ಟವನ್ನು ನಾಲ್ಕನೆಯ ದಿನ ಮುಂಜಾನೆ ನಾವೂ ಹತ್ತಬೇಕು: ಆಗ್ವಾಸ್ ಕಾಲಿಯೆಂಟೆಸ್‌ನಿಂದ ಮೇಲಕ್ಕೆ ಸುಮಾರು 400 ಮೀಟರ್, ಬಹುಪಾಲು ಕಲ್ಲಿನ ಮೆಟ್ಟಿಲು. ಇಡೀ ದಾರಿಯ ಕೊನೆಯ ದೊಡ್ಡ ಏರು ಅದೇ. ಅಲ್ಲಿಗೆ ಬಸ್ಸೂ ಇದೆ. ಬಸ್ಸಿನ ಟಿಕೆಟ್ಟನ್ನು ನಾನು ಇನ್ನೂ ಕೊಂಡಿಲ್ಲ. ಹಿಂದಿನ ರಾತ್ರಿ ಮಂಡಿಯನ್ನು ವಿಚಾರಿಸಿಕೊಂಡು ತೀರ್ಮಾನಿಸುತ್ತೇನೆ.